ಮೊದಲು ಲ್ಯಾಪ್‌ಟಾಪ್ ಬಿಚ್ಚಿ ನೋಡಿ, ಆಮೇಲೆ ಗೇಮಿಂಗ್ ಪಿಸಿ ಮಾತು

2024ರ ಜೂನ್ ತಿಂಗಳು. ಸಾಗರದಲ್ಲಿ ಮಳೆ ಹಿಡಿದು ಮೂರನೇ ದಿನ. ಅಕ್ಕನ ಮಗ ರೇನ್‌ಕೋಟ್ ಒಳಗೆ ಲ್ಯಾಪ್‌ಟಾಪ್ ಬ್ಯಾಗು ಅವುಚಿಕೊಂಡು ನನ್ನ ಅಂಗಡಿಗೆ ಬಂದ. ಹಿಂದೆಯೇ ಭಾವ.

"ಮಾವ, ಇದರ ಕಥೆ ಮುಗೀತು. ಆನ್ ಆಗೋಕೇ ಐದು ನಿಮಿಷ ಬೇಕು. ಒಂದು ಗೇಮಿಂಗ್ ಪಿಸಿ ಕೊಡಿಸೋಕೆ ಅಪ್ಪಂಗೆ ಹೇಳು" ಅಂದ.

ಭಾವ ಕೊಡೆ ಮಡಚುತ್ತಾ, "ರಿಪೇರಿ ಮಾಡಿಸಿದ್ರೆ ಸಾಕಲ್ವಾ? ಎನ್ವಿಡಿಯಾ ಅಂತ ಸ್ಟಿಕ್ಕರ್ ಇದೆ ನೋಡು. ಗೇಮೂ ಆಡಬಹುದು ಅಂತಲೇ ಕೊಟ್ಟಿದ್ರು" ಅಂದರು.

ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿತ್ತು. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು 14 ವರ್ಷವಾಯಿತು. ಇದೇ ಜಗಳ ಹೊತ್ತುಕೊಂಡು ಅಪ್ಪ ಮಕ್ಕಳು ನನ್ನ ಮೇಜಿನ ಮುಂದೆ ಎಷ್ಟು ಸಲ ಕೂತಿದ್ದಾರೋ ಲೆಕ್ಕವಿಲ್ಲ. ಯಾರಿಗೇ ಆಗಲಿ ನಾನು ಹೇಳುವುದು ಒಂದೇ: ದುಡ್ಡು ತೆಗೆಯುವ ಮೊದಲು ಒಂದು ಸಂಜೆ ಕೂತು, ಯಾವ ಭಾಗ ಸೋಲುತ್ತಿದೆ ಅಂತ ಅಳೆದು ನೋಡಿ. ಅದನ್ನು ಹೇಗೆ ನೋಡುವುದು ಅಂತ ಅಕ್ಕನ ಮಗನ ಲ್ಯಾಪ್‌ಟಾಪ್ ಇಟ್ಟುಕೊಂಡೇ ಹೇಳುತ್ತೇನೆ.

ಅವನದು 2019ರಲ್ಲಿ ಕೊಂಡದ್ದು. ಇಂಟೆಲ್ ಐ5-8265ಯು ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, 2 ಜಿಬಿ ಮೆಮೊರಿಯ ಎಂಎಕ್ಸ್110 ಗ್ರಾಫಿಕ್ಸ್. ಭಾವ ತೋರಿಸಿದ ಸ್ಟಿಕ್ಕರ್ ಈ ಎಂಎಕ್ಸ್110ದು.

ಮೊದಲ ಪ್ರಶ್ನೆ ಅವನಿಗೇ ಕೇಳಿದೆ: "ಯಾವ ಗೇಮ್ ಆಡಬೇಕು, ಹೆಸರು ಹೇಳು." ಸುಮ್ನೆ "ಗೇಮಿಂಗ್" ಅಂದರೆ ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಗೆಳೆಯರ ಜೊತೆ ವ್ಯಾಲೊರಂಟ್ ಆಡಬೇಕು, ರೆಡ್ ಡೆಡ್ ರಿಡೆಂಪ್ಷನ್ 2 ಆಡಬೇಕು ಅಂದ. ಇವೆರಡಕ್ಕೂ ಅಜಗಜಾಂತರ. ವ್ಯಾಲೊರಂಟ್‌ಗೆ ಕಂಪನಿ ಹೇಳುವ ಕನಿಷ್ಠ ಗ್ರಾಫಿಕ್ಸ್ ಇಂಟೆಲ್ ಎಚ್‌ಡಿ 4000. ಅದು 2012ರ ಪ್ರೊಸೆಸರ್‌ಗಳ ಒಳಗೇ ಇದ್ದದ್ದು. ರ‍್ಯಾಮ್ 4 ಜಿಬಿ ಇದ್ದರೆ ಸಾಕು. ರೆಡ್ ಡೆಡ್ 2 ಚೆನ್ನಾಗಿ ಓಡಬೇಕಾದರೆ 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡು, 12 ಜಿಬಿ ರ‍್ಯಾಮ್, 150 ಜಿಬಿ ಜಾಗ ಬೇಕು. ನಿಮಗೆ ಬೇಕಾದ ಎರಡು ಮೂರು ಗೇಮ್‌ಗಳ ಹೆಸರು ಒಂದು ಚೀಟಿಯಲ್ಲಿ ಬರೆಯಿರಿ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ (ವ್ಯಾಲೊರಂಟ್ ತರಹ ಅಲ್ಲಿ ಇಲ್ಲದ್ದಾದರೆ ಕಂಪನಿಯ ವೆಬ್‌ಸೈಟಿನಲ್ಲಿ) ಆ ಗೇಮ್‌ನ ಪುಟದ ಕೆಳಗೆ ಕನಿಷ್ಠ ಎಷ್ಟು ಬೇಕು, ಶಿಫಾರಸು ಎಷ್ಟು ಅಂತ ಎರಡು ಪಟ್ಟಿ ಇರುತ್ತವೆ. ಎರಡನೆಯದನ್ನು ಬರೆದುಕೊಳ್ಳಿ. ಕನಿಷ್ಠದ ಪಟ್ಟಿ ನೋಡಿ ಕೊಂಡವರು ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ.

ಇನ್ನು ಅಳತೆ. ಲ್ಯಾಪ್‌ಟಾಪ್ ಆನ್ ಮಾಡಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಪುಟಕ್ಕೆ ಹೋಗಿ. ಅವನ ಲ್ಯಾಪ್‌ಟಾಪ್‌ನಲ್ಲಿ ನಾವು ಮೂವರೂ ಬಗ್ಗಿ ನೋಡಿದಾಗ ಪ್ರೊಸೆಸರ್ 12 ಶೇಕಡಾ, ರ‍್ಯಾಮ್ 61 ಶೇಕಡಾ. ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡು ಕೂತಿತ್ತು, ಇಳಿಯಲೇ ಇಲ್ಲ. ಆನ್ ಆಗೋಕೆ ಐದು ನಿಮಿಷ ತಿನ್ನುತ್ತಿದ್ದದ್ದು ಇದೇ. ಪ್ರೊಸೆಸರ್ ಪಾಪ ಡಿಸ್ಕ್ ಕೊಡುವುದನ್ನೇ ಕಾಯುತ್ತಾ ಕೂತಿತ್ತು.

ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ತಿರುಗುವ ಭಾಗವೇ ಇಲ್ಲದ ಚಿಪ್ಪಿನ ಡಿಸ್ಕ್ ಅಂದರೆ ಎಸ್‌ಎಸ್‌ಡಿ. ಅದರಲ್ಲಿ ಸಾಟಾ ಅನ್ನುವ ಹಳೇ ಬಗೆ 500ರ ಮೇಲೆ, ಎನ್‌ವಿಎಂಇ ಅನ್ನುವ ಹೊಸ ಬಗೆ ಸಾವಿರಗಟ್ಟಲೆ. ಚಿಕ್ಕ ಚಿಕ್ಕ ಫೈಲ್‌ಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈಗಲೂ ಹಾರ್ಡ್‌ಡಿಸ್ಕ್ ಇದ್ದು ಅದು "ನಿಧಾನ" ಅನ್ನಿಸಿದರೆ, ಬೇರೆ ಯಾವ ತೀರ್ಮಾನಕ್ಕೂ ಮೊದಲು ಎಸ್‌ಎಸ್‌ಡಿ ಹಾಕಿಸಿ ನೋಡಿ. ಇದೊಂದು ವಿಷಯದಲ್ಲಿ ನಾನು ಎರಡು ಮಾತು ಆಡುವುದಿಲ್ಲ.

ಅದೇ ಪುಟದಲ್ಲಿ ಮೆಮೊರಿ ಒತ್ತಿದರೆ ರ‍್ಯಾಮ್ ಸ್ಲಾಟ್ ಎಷ್ಟು, ತುಂಬಿರುವುದು ಎಷ್ಟು ಅಂತ ಬರೆದಿರುತ್ತದೆ. "1 ಆಫ್ 2" ಅಂತಿದ್ದರೆ ಒಂದು ಖಾಲಿ ಇದೆ ಅಂತ. "ರೋ ಆಫ್ ಚಿಪ್ಸ್" ಅಂತಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೀಗೇ ಜಾಸ್ತಿ. ಕೆಲವದರಲ್ಲಿ ಬೆಸುಗೆಯ ಜೊತೆ ಒಂದು ಸ್ಲಾಟ್ ಕೂಡ ಇರುತ್ತದೆ. ಇಲ್ಲದಿದ್ದರೆ ಯಾರೂ ಏನೂ ಮಾಡಲಾಗದು. ಮಾಡಿಕೊಡುತ್ತೇನೆ ಅಂದವರ ಕೈಗೆ ಕೊಡಬೇಡಿ.

ಆಮೇಲೆ ಗೇಮ್ ಓಡಿಸಿ ನೋಡಿ. ಗೇಮ್ ಓಡುತ್ತಿರುವಾಗ ಅದರ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಪರದೆಯ ಮೇಲೆ ಎಷ್ಟು ಚಿತ್ರ ಬರುತ್ತವೆ ಅನ್ನುವ ಲೆಕ್ಕ) ಥಟ್ಟನೆ ಏರಿದರೆ ಸೋಲುತ್ತಿರುವುದು ಗ್ರಾಫಿಕ್ಸ್. ಏರದಿದ್ದರೆ ಪ್ರೊಸೆಸರ್ ಅಥವಾ ಬಿಸಿ. ಬಿಸಿ ನೋಡಲು ಎಚ್‌ಡಬ್ಲ್ಯುಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅವನ ಲ್ಯಾಪ್‌ಟಾಪ್‌ನಲ್ಲಿ ವ್ಯಾಲೊರಂಟ್ ಶುರುವಾಗಿ ಆರನೇ ನಿಮಿಷಕ್ಕೆ ಪ್ರೊಸೆಸರ್ 97 ಡಿಗ್ರಿ ಮುಟ್ಟಿತು. ಈ ಪ್ರೊಸೆಸರ್‌ಗೆ ಮಿತಿಯೇ 100 ಡಿಗ್ರಿ. ಅಷ್ಟರ ಹತ್ತಿರ ಹೋದರೆ ತನ್ನನ್ನು ತಾನು ಉಳಿಸಿಕೊಳ್ಳಲು ಅದು ವೇಗ ಇಳಿಸಿಕೊಳ್ಳುತ್ತದೆ. 3.9 ಗಿಗಾಹರ್ಟ್ಸ್‌ವರೆಗೆ ಹೋಗಬಲ್ಲ ಪ್ರೊಸೆಸರ್ 1.6ಕ್ಕೆ ಬಂದು ನಿಂತಿತ್ತು.

ಬಿಚ್ಚಿದೆ. ಹಿಂದಿನ ಮುಚ್ಚಳಕ್ಕೆ 11 ಸ್ಕ್ರೂ. ಅದರಲ್ಲಿ ಎರಡು ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿದ್ದವು. ಇದು ಗೊತ್ತಿಲ್ಲದೆ ಎಳೆದು ಮುಚ್ಚಳ ಮುರಿದುಕೊಂಡು ಬರುವವರಿದ್ದಾರೆ. ಬ್ಯಾಟರಿ ಕನೆಕ್ಟರ್ ಮೊದಲು ತೆಗೆದೆ. ಫ್ಯಾನ್ ಎತ್ತಿದರೆ, ಗಾಳಿ ಹೊರಗೆ ಹೋಗುವ ತಾಮ್ರದ ಹಲ್ಲುಗಳ ಮೇಲೆ ಕಂಬಳಿ ಹಾಸಿದ ಹಾಗೆ ಧೂಳು. ಚಿಮುಟದಲ್ಲಿ ಹಿಡಿದರೆ ಒಂದೇ ತುಂಡಾಗಿ ಎದ್ದು ಬಂತು. ಭಾವ ಅದನ್ನು ಕಾಗದದ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಪ್ರೊಸೆಸರ್‌ನ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್, ಅದಕ್ಕೆ ಬಿಸಿ ದಾಟಿಸಲು ಅಡಿಯಲ್ಲಿ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ, ಹಳೇ ಗೋಡೆಯ ಸುಣ್ಣದಂತೆ ಉದುರುತ್ತಿತ್ತು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಹೊಸ ಪೇಸ್ಟ್ ಹಚ್ಚಿದೆ. ನೀವೇ ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಗಿರ್ರನೆ ತಿರುಗಿದರೆ ಬೇರಿಂಗ್ ಹೋಗುತ್ತದೆ.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದ ತಂಡಿಗೆ ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕೂರುತ್ತದೆ. ಕೆಲವೊಮ್ಮೆ ಲ್ಯಾಪ್‌ಟಾಪ್ ಆನ್ ಆಗದಿರುವುದಕ್ಕೆ ಅಷ್ಟೇ ಕಾರಣ. ಮಕ್ಕಳ ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದರೆ ಎದ್ದು ಕೂರುತ್ತದೆ. "ಬೋರ್ಡೇ ಹೋಗಿದೆ" ಅನ್ನಿಸಿಕೊಂಡು ಬಂದ ಎಷ್ಟೋ ಲ್ಯಾಪ್‌ಟಾಪ್ ಹೀಗೆ ಬದುಕಿವೆ.

ಅವತ್ತಿನ ಬಿಲ್ಲು ಹೀಗಿತ್ತು. 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ 3,200 ರೂಪಾಯಿ, ಖಾಲಿ ಸ್ಲಾಟ್‌ಗೆ 8 ಜಿಬಿ ಡಿಡಿಆರ್4 ರ‍್ಯಾಮ್ 1,700, ಪೇಸ್ಟು ಮತ್ತು ಕ್ಲೀನಿಂಗ್ 500. ಒಟ್ಟು 5,400. ಹಳೇ ಹಾರ್ಡ್‌ಡಿಸ್ಕನ್ನು ಒಂದು ಯುಎಸ್‌ಬಿ ಕೇಸ್‌ಗೆ ಹಾಕಿ ಫೋಟೊ ಇಟ್ಟುಕೊಳ್ಳಲು ಅಕ್ಕನಿಗೆ ಕೊಟ್ಟೆ. ಎಷ್ಟರವರೆಗೆ ಹಾಕಬಹುದು ಅನ್ನುವುದಕ್ಕೆ ನನ್ನದೊಂದು ಲೆಕ್ಕವಿದೆ: ಆ ಲ್ಯಾಪ್‌ಟಾಪ್ ಇವತ್ತು ಮಾರಿದರೆ ಎಷ್ಟು ಬರುತ್ತದೋ ಅದರ ಅರ್ಧಕ್ಕಿಂತ ಜಾಸ್ತಿ ಅದಕ್ಕೆ ಹಾಕಬಾರದು. ಅವನದಕ್ಕೆ 14,000 ಬರುತ್ತಿತ್ತು. ಹಾಗಾಗಿ 5,400 ಸರಿ ಅನ್ನಿಸಿತು.

ಇನ್ನೊಂದು ಗೆರೆಯೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್ 8ನೇ ಪೀಳಿಗೆ ಅಥವಾ ಆಮೇಲಿನದು ಬೇಕು, ಟಿಪಿಎಂ 2.0 ಅನ್ನುವ ಸುರಕ್ಷತೆಯ ವ್ಯವಸ್ಥೆ ಬೇಕು. ಐ5-8265ಯುನಲ್ಲಿ ಆ 8 ಇದೆಯಲ್ಲ, ಅದು ಪೀಳಿಗೆ. ನಿಮ್ಮದು ಐ5-7200ಯು ತರಹದ್ದಾದರೆ ಎಸ್‌ಎಸ್‌ಡಿಗೆ ಮೀರಿ ಒಂದು ರೂಪಾಯಿಯೂ ಹಾಕಬೇಡಿ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ, ಬರವಣಿಗೆ ಕೆಲಸಕ್ಕೆ ನಡೆಯುತ್ತದೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತೆಯ ಸೆಟ್ಟಿಂಗ್ ಇದೆಯಾ ಅಂತ ಕೇಳುತ್ತದೆ. ಇಲ್ಲದಿದ್ದರೆ ತೆರೆಯುವುದೇ ಇಲ್ಲ.

ಕೆಲಸ ಮುಗಿದ ಮೇಲೆ ಆನ್ ಮಾಡಿದರೆ 14 ಸೆಕೆಂಡು. ವ್ಯಾಲೊರಂಟ್ ಆಡುವಾಗ 84 ಡಿಗ್ರಿ ದಾಟಲಿಲ್ಲ. ಭಾವನ ಮುಖ ಅರಳಿತು. "ನೋಡಿದ್ಯಾ? ಇಷ್ಟೇ ಆಗಿದ್ದು" ಅಂದರು.

ಇಲ್ಲಿ ನಾನು ಹುಡುಗನ ಪಕ್ಷ ವಹಿಸಬೇಕಾಯಿತು. ಯಾಕೆಂದರೆ ಚೀಟಿಯಲ್ಲಿದ್ದ ಎರಡನೇ ಗೇಮ್ ಹಾಗೇ ಉಳಿದಿತ್ತು. ಎಂಎಕ್ಸ್110 ಬೋರ್ಡಿಗೆ ಬೆಸುಗೆ ಹಾಕಿದ ಚಿಪ್ಪು. ಅದನ್ನು ತೆಗೆದು ಬೇರೆ ಹಾಕಲು ಬರುವುದಿಲ್ಲ. ಎಸ್‌ಎಸ್‌ಡಿ ಹಾಕಿದರೆ ಗೇಮ್ ಬೇಗ ತೆರೆಯುತ್ತದೆ, ರ‍್ಯಾಮ್ ಹಾಕಿದರೆ ಮಧ್ಯೆ ಮಧ್ಯೆ ತಡವರಿಸುವುದು ನಿಲ್ಲುತ್ತದೆ. ಆದರೆ ಪರದೆಯ ಮೇಲೆ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಅದು ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ. ಥಂಡರ್‌ಬೋಲ್ಟ್ ಅನ್ನುವ ವೇಗದ ಪೋರ್ಟ್ ಇರುವ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಡಬ್ಬಿ ಸಿಗುತ್ತದೆ ನಿಜ. ಡಬ್ಬಿ, ಕಾರ್ಡು ಎರಡರ ಬೆಲೆ ಕೂಡಿಸಿದರೆ ಡೆಸ್ಕ್‌ಟಾಪ್‌ನ ಹತ್ತಿರ ಹೋಗುತ್ತದೆ. ಅದನ್ನು ಕೊಳ್ಳಿ ಅಂತ ನಾನು ಯಾರಿಗೂ ಹೇಳಿಲ್ಲ.

ಇದಕ್ಕೆ ಒಂದು ಸಣ್ಣ ವಿನಾಯಿತಿ ಉಂಟು. ಬೇರೆ ಗ್ರಾಫಿಕ್ಸ್ ಚಿಪ್ಪೇ ಇಲ್ಲದೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಆಡುವವರು. ಅದಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಡೇಟಾ ಓಡಾಡಲು ಒಂಟಿ ದಾರಿ, ಎರಡು ಇದ್ದರೆ ಜೋಡಿ ದಾರಿ. ಬಿ.ಕಾಂ ಓದುವ ಒಬ್ಬಳು ಹುಡುಗಿ ರೈಜೆನ್ 5 5500ಯು ಲ್ಯಾಪ್‌ಟಾಪ್ ತಂದಿದ್ದಳು. 8 ಜಿಬಿಯ ಒಂದು ಕಡ್ಡಿ ಪಕ್ಕಕ್ಕೆ ಇನ್ನೊಂದು ಹಾಕಿದ್ದಷ್ಟೇ. ವ್ಯಾಲೊರಂಟ್‌ನ ಎಫ್‌ಪಿಎಸ್ 65ರ ಸುತ್ತ ಇದ್ದದ್ದು 95 ದಾಟಿತು. ಅವಳಿಗೆ ಬೇಕಿದ್ದದ್ದು ಅಷ್ಟೇ, ಖುಷಿಯಿಂದ ಹೋದಳು.

ಸರಿ, ಹೊಸದೇ ಬೇಕು ಅಂತಾಯಿತು ಅಂದುಕೊಳ್ಳಿ. ಆಗ ಕೇಳಬೇಕಾದದ್ದು: ಅದು ಎಲ್ಲಿ ಇರುತ್ತದೆ? ಹಾಸ್ಟೆಲ್, ಪೀಜಿ, ವರ್ಷಕ್ಕೊಮ್ಮೆ ರೂಮು ಬದಲಿಸುವವರಾದರೆ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ, ಡೆಸ್ಕ್‌ಟಾಪ್ ಹೊತ್ತು ತಿರುಗಲು ಆಗದು. ಅದನ್ನು ಕೊಳ್ಳುವಾಗ ಕಾರ್ಡಿನ ಹೆಸರಷ್ಟೇ ನೋಡಿದರೆ ಮೋಸ ಹೋಗುತ್ತೀರಿ, ವ್ಯಾಟ್ ಕೇಳಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಅನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವ ಮಟ್ಟದಲ್ಲಿ ಬೇಕಾದರೂ ಕಂಪನಿಗಳು ಕೂರಿಸಬಹುದು. ಸ್ಟಿಕ್ಕರ್ ಒಂದೇ, ಓಟ ಬೇರೆ ಬೇರೆ. ಅದರ ಜೊತೆ ರ‍್ಯಾಮ್ ಸ್ಲಾಟ್ ಇದೆಯಾ, ಎರಡನೇ ಎಸ್‌ಎಸ್‌ಡಿಗೆ ಜಾಗ ಇದೆಯಾ ಕೇಳಿಕೊಳ್ಳಿ.

ಅಕ್ಕನ ಮಗ ಮನೆಯಿಂದಲೇ ಕಾಲೇಜಿಗೆ ಹೋಗುವವನು. ಕಾಲೇಜಿಗೆ ಒಯ್ಯಲು ಲ್ಯಾಪ್‌ಟಾಪ್ ಸರಿಯಾಗಿತ್ತು. ಹಾಗಾಗಿ ಮನೆಯಲ್ಲಿ ಒಂದು ಕಡೆ ಕೂರುವ ಡೆಸ್ಕ್‌ಟಾಪ್ ಅಂತ ತೀರ್ಮಾನಿಸಿದೆವು. ಆ 5,400 ರಿಪೇರಿ ಮಾಡಿಸದಿದ್ದರೆ ಒಂದೇ ಯಂತ್ರದಲ್ಲಿ ಎರಡೂ ಕೆಲಸ ಆಗಬೇಕಿತ್ತು, ಗೇಮಿಂಗ್ ಲ್ಯಾಪ್‌ಟಾಪೇ ಗತಿಯಾಗುತ್ತಿತ್ತು. ದೀಪಾವಳಿವರೆಗೆ ಕಾಯೋಣ ಅಂದೆ. ಅವನೂ ತನ್ನ ಸ್ಕಾಲರ್‌ಶಿಪ್ ದುಡ್ಡಿನಲ್ಲಿ 12,000 ಉಳಿಸಿದ.

ಬೆಂಗಳೂರಿನ ಎಸ್.ಪಿ. ರೋಡಿಗೆ ಮೂವರೂ ಹೋದೆವು. ತಂದದ್ದು ಇಷ್ಟು: ರೈಜೆನ್ 5 5600 ಪ್ರೊಸೆಸರ್, ಬಿ550 ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ಕಾರ್ಡ್, 1 ಟಿಬಿ ಎಸ್‌ಎಸ್‌ಡಿ, 550 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ಕರೆಂಟ್ ಹಂಚುವ ಡಬ್ಬಿ), ಕ್ಯಾಬಿನೆಟ್. ಇವಕ್ಕೆ 55,000ದ ಆಸುಪಾಸು. 24 ಇಂಚಿನ 1080ಪಿ ಮಾನಿಟರ್ 8,500. ಕೀಬೋರ್ಡು, ಮೌಸು ಮನೆಯಲ್ಲಿದ್ದವು. ನಿಮ್ಮ ಬಜೆಟ್ ಏನೇ ಇರಲಿ, ಅದರ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಗ್ರಾಫಿಕ್ಸ್ ಕಾರ್ಡಿಗೇ ಹೋಗಲಿ. ಬಣ್ಣದ ಲೈಟಿನ ಕ್ಯಾಬಿನೆಟ್‌ಗೆ ಒಂದು ಪೈಸೆಯೂ ಬೇಡ, ಗಾಳಿ ಆಡುವ ಜಾಲರಿ ಮುಂದೆ ಇದ್ದರೆ ಸಾಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ "ಎಫ್" ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಇಲ್ಲದೆ ಪರದೆ ಕಪ್ಪಗೇ ಇರುತ್ತದೆ. "ಮೊದಲು ಪ್ರೊಸೆಸರ್ ತಗೊಳ್ತೀನಿ, ಕಾರ್ಡ್ ಆಮೇಲೆ" ಅನ್ನುವವರು ಇದನ್ನು ನೆನಪಿಡಿ.

ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಕಂಪ್ಯೂಟರ್ ಭಾಗಗಳಿಗೆ 18 ಶೇಕಡಾ ತೆರಿಗೆ, ದೊಡ್ಡದೇ ಅನ್ನಿಸುತ್ತದೆ. ಆದರೆ ಎರಡು ವರ್ಷ ಬಿಟ್ಟು ಕಾರ್ಡ್ ಕೆಟ್ಟಾಗ ಆ ಕಾಗದವೇ ಕಾಪಾಡುವುದು. ಡಬ್ಬಿಯ ಮೇಲಿನ ಸೀರಿಯಲ್ ನಂಬರು, ಕಾರ್ಡಿನ ಮೇಲಿನದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇನಾ ಅಂತ ಅಲ್ಲೇ ನಿಂತು ನೋಡಿ.

ಈಗ ಕರೆಂಟಿನ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು, ನನ್ನ ಮನೆಯಲ್ಲೇ ಪೆಟ್ಟು ತಿಂದಿದ್ದೇನೆ. 2021ರ ಮೇ ತಿಂಗಳಲ್ಲಿ ಗುಡುಗು ಮಳೆಯ ಒಂದು ಸಂಜೆ, ಅಗ್ಗಕ್ಕೆ ತಂದ ಎಸ್‌ಎಂಪಿಎಸ್ ಟಪ್ ಅಂತ ಸಿಡಿಯಿತು. ಜೊತೆಗೆ ಬೋರ್ಡು ಮತ್ತು ಹಾರ್ಡ್‌ಡಿಸ್ಕೂ ಹೋದವು. ಹೆಂಡತಿಯ ತಂಗಿಯ ಮದುವೆ ಫೋಟೊಗಳು ಅದರಲ್ಲಿದ್ದವು. ಆವತ್ತಿನಿಂದ ನಾನು 80 ಪ್ಲಸ್ (ಕರೆಂಟ್ ಪೋಲು ಕಡಿಮೆ ಅನ್ನುವ) ಗುರುತಿಲ್ಲದ ಎಸ್‌ಎಂಪಿಎಸ್ ಯಾರಿಗೂ ಹಾಕಿಲ್ಲ. ಹಾಗಂತ ಆ ಗುರುತು ಸಿಡಿಲನ್ನು ತಡೆಯುವುದಿಲ್ಲ. ಅದಕ್ಕೆ ಪ್ಲಗ್ ಕಿತ್ತಿಡುವುದೊಂದೇ ದಾರಿ, ಇಂಟರ್ನೆಟ್ ಕೇಬಲ್ ಕೂಡ. ಸ್ವಿಚ್ ಆಫ್ ಮಾಡಿದರೆ ಸಾಲದು. ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆದು ತೋರಿಸಿ. ಹಳೇ ಮನೆಗಳಲ್ಲಿ ಮೂರನೇ ಪಿನ್ನಿಗೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಅಂದರೆ ಅದೇ ಲಕ್ಷಣ.

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಡೆಸ್ಕ್‌ಟಾಪ್‌ಗೆ ಇಲ್ಲ. ಆಫೀಸಿನ ಕಂಪ್ಯೂಟರ್‌ಗೆ ಹಾಕುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ. ಅಕ್ಕನ ಮಗನ ಪಿಸಿ ಗೇಮ್ ಆಡುವಾಗ ಮಾನಿಟರ್ ಸೇರಿ 250 ವ್ಯಾಟ್ ಎಳೆಯುತ್ತದೆ. ಲೆಕ್ಕಕ್ಕೆ ಸಾಕು ಅನ್ನಿಸುತ್ತದೆ, ಆದರೆ ಬ್ಯಾಟರಿ ಹಳತಾದ ಮೇಲೆ ಕರೆಂಟ್ ಹೋದ ಕ್ಷಣವೇ ಕೈಕೊಡುತ್ತದೆ. ಹಾಗಾಗಿ 1000 ವಿಎದು ಹಾಕಿಸಿದೆ, 5,500 ಆಯಿತು. ಇದನ್ನು ಪಿಸಿಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ. ಮನೆಗೆ ಇನ್ವರ್ಟರ್ ಇದ್ದರೆ ಅದು ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವ ಸೈನ್ ವೇವ್ ಹೌದೋ ಅಲ್ಲವೋ ನೋಡಿ. ತುಂಬಾ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿಟ್ಟರೆ ಕರೆಂಟ್ ಹೋದಾಗ ಬೇಗ ಬದಲಾಗುತ್ತದೆ.

ಅಕ್ಕ ಕೇಳಿದ್ದು ಮಾತ್ರ ಬೇರೆಯೇ: "ಕರೆಂಟ್ ಬಿಲ್ ಎಷ್ಟು ಏರತ್ತೋ?" ಸರಿಯಾದ ಪ್ರಶ್ನೆ. 250 ವ್ಯಾಟ್, ದಿನಕ್ಕೆ 3 ಗಂಟೆ, ತಿಂಗಳಿಗೆ 22.5 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗೆ ಇಂತಿಷ್ಟು ಯೂನಿಟ್ ಉಚಿತ ಅಂತ ಮಿತಿ ಇರುತ್ತದೆ. ಅದನ್ನು ಮೀರಿದರೆ ಮೀರಿದ್ದಕ್ಕೆ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಫ್ರಿಜ್ಜು, ಗೀಸರ್ ಇರುವ ಮನೆಗಳಲ್ಲಿ 180ರ ಹತ್ತಿರ ಇದ್ದರೆ ಈ 22 ಯೂನಿಟ್ ಆ ಗೆರೆ ದಾಟಿಸಿಬಿಡುತ್ತದೆ. ಅಕ್ಕನ ಮನೆಯ ಬಿಲ್ಲು ತರಿಸಿ ನೋಡಿದೆವು, 95ರ ಸುತ್ತ ಇತ್ತು. ಮೀರುವ ಯೂನಿಟ್ಟಿನ ದುಡ್ಡು ನಾನೇ ಕೊಡುತ್ತೇನೆ ಅಂತ ಹುಡುಗ ಒಪ್ಪಿಕೊಂಡ.

ಬೆಲೆ ನೇರಕ್ಕೆ ನೋಡಿದರೆ, ಆ ದೀಪಾವಳಿಗೆ ಇದೇ ಮಟ್ಟದ ಗೇಮಿಂಗ್ ಲ್ಯಾಪ್‌ಟಾಪ್ 75,000ದ ಸುತ್ತ ಇತ್ತು. ನಮ್ಮ ಡೆಸ್ಕ್‌ಟಾಪ್ ಯುಪಿಎಸ್ ಸೇರಿ 69,000. ಅಂತರ ದೊಡ್ಡದೇನಲ್ಲ. ಆದರೆ ಇದರಲ್ಲಿ ಒಂದು ಭಾಗ ಕೆಟ್ಟರೆ ಅದೊಂದನ್ನು ಬದಲಿಸಬಹುದು, ನಾಲ್ಕು ವರ್ಷ ಬಿಟ್ಟು ಕಾರ್ಡ್ ಒಂದನ್ನೇ ಹೊಸದು ಹಾಕಬಹುದು.

ಈಗ ಕೊಳ್ಳಲು ಹೊರಟವರು ಮೇಲಿನ ಬೆಲೆ ಹಿಡಿದು ಅಂಗಡಿಗೆ ಹೋಗಬೇಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಕೈಗೆ ಸಿಗದಂತೆ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಕಾರಣ. ಎಸ್‌ಎಸ್‌ಡಿಯೂ ಜೊತೆಗೆ ಏರಿದೆ. ಹಾಗಾಗಿ ಈಗ ನನ್ನ ಸಲಹೆ ಸ್ವಲ್ಪ ಬದಲಾಗಿದೆ. ಲ್ಯಾಪ್‌ಟಾಪ್ ಬಿಚ್ಚಿಸಿ ಧೂಳು ತೆಗೆಸುವುದು, ಪೇಸ್ಟ್ ಹಚ್ಚಿಸುವುದು ಇವತ್ತೇ ಮಾಡಿಸಿ, ಅದಕ್ಕೆ ಆಗುವ ಖರ್ಚು ತೀರಾ ಕಡಿಮೆ. ಹಾರ್ಡ್‌ಡಿಸ್ಕ್ ಇದ್ದರೆ 256 ಜಿಬಿಯ ಎಸ್‌ಎಸ್‌ಡಿಯಾದರೂ ಹಾಕಿಸಿ. ರ‍್ಯಾಮ್ ಮಾತ್ರ ಟಾಸ್ಕ್ ಮ್ಯಾನೇಜರ್‌ನಲ್ಲಿ ದಿನವೂ 85 ಶೇಕಡಾ ದಾಟುತ್ತಿದ್ದರೆ ಹಾಕಿಸಿ, ಇಲ್ಲದಿದ್ದರೆ ಕಾಯಿರಿ. ಡೆಸ್ಕ್‌ಟಾಪ್ ಕಟ್ಟುವವರ ಹತ್ತಿರ ಹಳೇ ಡೆಸ್ಕ್‌ಟಾಪ್‌ನ ಡಿಡಿಆರ್4 ಕಡ್ಡಿಗಳಿದ್ದರೆ ಎಎಂ4 ಬೋರ್ಡಿಗೆ (ರೈಜೆನ್‌ನ ಹಳೇ ಬಗೆಯ ಬೋರ್ಡು, ನಮ್ಮ ಬಿ550 ತರಹದ್ದು) ಅವನ್ನೇ ಹಾಕಿ. ಹೊಸ ಎಎಂ5 ಬೋರ್ಡಿಗೆ ಡಿಡಿಆರ್5 ಬಿಟ್ಟು ಬೇರೆ ಕೂರುವುದಿಲ್ಲ, ಅದರ ಬೆಲೆ ಕೇಳಿಕೊಂಡೇ ಬೋರ್ಡ್ ಆರಿಸಿ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, 32 ಜಿಬಿ ಮಾಡ್ಸೋಣ್ವಾ?" ಅಂದ. ಟಾಸ್ಕ್ ಮ್ಯಾನೇಜರ್ ತೆಗಿ, ಗೇಮ್ ಓಡುವಾಗ ಎಷ್ಟಿದೆ ಓದು ಅಂದೆ. ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು ಕೇಳಿಸಿತು. "68 ಪರ್ಸೆಂಟ್" ಅಂದ. ಹಾಗಾದರೆ ಬೇಡ ಅಂದೆ.